ಹ್ಯಾಂಡ್‌ಮೇಡ್ ಅಂದ್ರೆ ಯಾರ ಕೈ?

ಸರಸ್ವತಿಪುರಂನಲ್ಲಿ ಭಾನುವಾರ ಬೆಳಿಗ್ಗೆ ನನಗೆ ಎರಡೇ ಕೆಲಸ. ಕುಕ್ಕರಹಳ್ಳಿ ಕೆರೆ ಸುತ್ತೋದು, ವಾಪಸ್ ಬರ್ತಾ ದೋಸೆ ತಿನ್ನೋದು. ಹೋದ ತಿಂಗಳು ಒಂದು ಭಾನುವಾರ ಮೂರನೇ ಕೆಲಸವೂ ಸೇರ್ಕೊಂಡಿತು. ನಮ್ಮ ಪಕ್ಕದ ಕ್ರಾಸಿನ ಮನೆಯೊಂದರ ಗ್ಯಾರೇಜಿನಲ್ಲಿ ಉಣ್ಣೆ ಮತ್ತು ರೇಷ್ಮೆಯಿಂದ ಕೈಯಲ್ಲೇ ಮಾಡಿದ ಫೆಲ್ಟ್ ವಸ್ತುಗಳ ಪ್ರದರ್ಶನ, ಮಾರಾಟ. ಗೆಳತಿಗೆ ಹುಟ್ಟುಹಬ್ಬದ ಗಿಫ್ಟ್ ಬೇಕಿತ್ತು, ಒಳಗೆ ಹೋದೆ.

ಫೆಲ್ಟ್ ಅಂದ್ರೇನು ಅನ್ನೋರಿಗೆ ಒಂದು ಮಾತು. ಇದರಲ್ಲಿ ನೇಯ್ಗೆ ಇಲ್ಲ, ಹೆಣಿಗೆಯೂ ಇಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂಥ ಬಟ್ಟೆಯಾಗುತ್ತೆ. ಉಣ್ಣೆ ಸ್ವೆಟರನ್ನು ವಾಷಿಂಗ್ ಮೆಷಿನ್‌ಗೆ ಹಾಕಿ ಮಗುವಿನ ಸೈಜ್ ಮಾಡಿಕೊಂಡವರೆಲ್ಲ ತಮಗೆ ಗೊತ್ತಿಲ್ಲದೆ ಈ ಕಲೆ ಮಾಡಿದ್ದೀರಿ. ರೇಷ್ಮೆಗೆ ಹುರುಪೆ ಇಲ್ಲ, ಅದು ತಾನಾಗಿ ಫೆಲ್ಟ್ ಆಗಲ್ಲ. ಆದರೆ ತೆಳು ರೇಷ್ಮೆ ಬಟ್ಟೆಯ ಮೇಲೆ ಉಣ್ಣೆ ಹರಡಿ ಉಜ್ಜಿದರೆ ಎಳೆಗಳು ಬಟ್ಟೆಯ ಸಂದಿಯಲ್ಲಿ ನುಗ್ಗಿ ಆ ಕಡೆ ಹೋಗಿ ಹಿಡ್ಕೊಳ್ಳುತ್ತವೆ. ಉಣ್ಣೆ ಕುಗ್ಗುವಾಗ ರೇಷ್ಮೆಯನ್ನೂ ಎಳೆದು ಸುಕ್ಕು ಸುಕ್ಕು ಮಾಡುತ್ತೆ. ಇದಕ್ಕೆ ನೂನೋ ಫೆಲ್ಟಿಂಗ್ ಅಂತ ಹೆಸರು. 1990ರ ದಶಕದ ಮೊದಲಲ್ಲಿ ಆಸ್ಟ್ರೇಲಿಯಾದಲ್ಲಿ ಪಾಲಿ ಸ್ಟರ್ಲಿಂಗ್ ರೂಪಿಸಿದ್ದು. ನೂನೋ ಅಂದ್ರೆ ಜಪಾನಿ ಭಾಷೆಯಲ್ಲಿ ಬಟ್ಟೆ.

ಮೊದಲು ಮೆಚ್ಚುಗೆ. ಸ್ಕಾರ್ಫ್‌ಗಳು ನಿಜಕ್ಕೂ ಚೆನ್ನಾಗಿದ್ದವು. ಅದರಲ್ಲೂ ಹುಣಸೆ ಚಿಗುರಿನ ಬಣ್ಣದ್ದೊಂದರಲ್ಲಿ ರೇಷ್ಮೆಯ ಸುಕ್ಕು ಮಳೆ ನಿಂತ ಮೇಲಿನ ಕೆಸರು ರಸ್ತೆ ಥರ ಬಂದಿತ್ತು. ಇದನ್ನು ಹೊಗಳಿಕೆ ಅಂತಲೇ ಹೇಳ್ತಿದ್ದೀನಿ. ಎರಡೂ ಕಡೆ ಉಣ್ಣೆ ಸಮನಾಗಿ ಹಿಡಿದಿತ್ತು, ಅಂಚು ಎಲ್ಲೂ ತೆಳುವಾಗಿರಲಿಲ್ಲ. ಕೊನೆಗೆ ಎಷ್ಟು ಕುಗ್ಗುತ್ತೆ ಅನ್ನೋದನ್ನು ಮೊದಲೇ ಅಂದಾಜು ಮಾಡಿ ದೊಡ್ಡದಾಗಿ ಹರಡಬೇಕಾದ ಕೆಲಸ ಇದು. ಗಂಟೆಗಟ್ಟಲೆ ಉಜ್ಜಿದ ಕೈ ಕಾಣಿಸುತ್ತಿತ್ತು.

ಸೂಜಿಯಲ್ಲಿ ಚುಚ್ಚಿ ಮಾಡಿದ ಬೊಂಬೆಗಳ ಬಗ್ಗೆ ಅಷ್ಟು ಒಳ್ಳೆ ಮಾತು ಹೇಳಲಾರೆ. ಅಂಬಾರಿ ಹೊತ್ತ ಆನೆ ಕೀಚೈನ್, ಪೇಟ ತೊಟ್ಟ ಗೂಬೆ. ದಸರಾ ವಸ್ತುಪ್ರದರ್ಶನದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸಿಗೋದೇ ಇಲ್ಲಿ ಉಣ್ಣೆಯಲ್ಲಿ ಸಿಗುತ್ತೆ, ಅಷ್ಟೆ. ಕಿವಿಯೋಲೆಯ ಉಂಡೆಗಳನ್ನು ಎರಡು ಬೆರಳಲ್ಲಿ ಚಿವುಟಿ ನೋಡಿದೆ, ಎಳೆ ಎದ್ದು ಬಂತು. ಪೂರ್ತಿ ಗಟ್ಟಿಯಾಗದ ಫೆಲ್ಟು ನಾಲ್ಕು ಸಲ ಹಾಕ್ಕೊಂಡ್ರೆ ಜುಂಗು ಜುಂಗಾಗುತ್ತೆ. ನೀವು ಕೊಳ್ಳುವಾಗಲೂ ಚಿವುಟಿ ನೋಡಿ, ಮಾಡಿದವರು ಬೇಜಾರು ಮಾಡ್ಕೊಳ್ಳಲ್ಲ. ಮಾಡ್ಕೊಂಡ್ರೆ ಕೊಳ್ಳಬೇಡಿ.

ಆದರೆ ನನ್ನ ತಕರಾರು ಕಿವಿಯೋಲೆಯದ್ದಲ್ಲ, ಎಲ್ಲದಕ್ಕೂ ಕಟ್ಟಿದ್ದ ಕಂದು ಚೀಟಿಯದ್ದು. ಅದರಲ್ಲಿ ಬರೆದಿತ್ತು: ಹ್ಯಾಂಡ್‌ಮೇಡ್, ನ್ಯಾಚುರಲ್, ಲೋಕಲ್. ಉಣ್ಣೆ ಎಲ್ಲಿಯದು ಅಂತ ಕೇಳಿದೆ. ಆಕೆ ಮುಚ್ಚುಮರೆ ಇಲ್ಲದೆ ಹೇಳಿದರು: "ಆಸ್ಟ್ರೇಲಿಯಾ ಮೆರಿನೊ. ಬಣ್ಣ ಹಾಕಿದ್ದೇ ಬರುತ್ತೆ, ಆನ್‌ಲೈನಲ್ಲಿ ತರಿಸ್ತೀನಿ." ರೇಷ್ಮೆ? ಅದೂ ಆನ್‌ಲೈನ್. ಹಾಗಾದ್ರೆ ಲೋಕಲ್ ಯಾವುದು? "ನಾನು" ಅಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಉಳೀಲಿಲ್ಲ.

ಯಾಕಂದ್ರೆ ಈ ಊರು ರೇಷ್ಮೆಯ ಊರು. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿ ಈಗಲೂ ನಡೀತಿದೆ, ನೂಲು ತಿ. ನರಸೀಪುರದಿಂದ ಬರುತ್ತೆ. ಉಣ್ಣೆಗೂ ಈ ರಾಜ್ಯದಲ್ಲಿ ಬರವಿಲ್ಲ. ಚಿತ್ರದುರ್ಗದಿಂದ ಬೆಳಗಾವಿವರೆಗೆ ಡೆಕ್ಕನಿ ಕುರಿಯ ಕಪ್ಪು ಉಣ್ಣೆ ಇದೆ. ಹಾಲುಮತದವರು ಅದನ್ನು ಕತ್ತರಿಸಿ, ಚರಕದಲ್ಲಿ ನೂತು, ಹಾಸಿಗೆ ಹುಣಸೆಬೀಜದ ಗಂಜಿ ತಿಕ್ಕಿ, ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ಚಳ್ಳಕೆರೆ ಕಂಬಳಿ ಅಂದ್ರೆ ಇವತ್ತಿಗೂ ಹೆಸರು. ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ದೇವರ ಕಾರ್ಯಕ್ಕೆ ಗದ್ದುಗೆ. ಕಂಬಳಿಗೆ ಮೈಲಿಗೆ ಇಲ್ಲ ಅಂತ ನಮ್ಮ ಹಿರಿಯರು ಹೇಳ್ತಿದ್ದದ್ದು ಸುಮ್ಮನೆ ಅಲ್ಲ.

ಈಗ? ಗಿರಣಿಯ ಅಗ್ಗದ ಹೊದಿಕೆಗಳು ಬಂದವು, ಕಂಬಳಿ ಕೊಳ್ಳೋರು ಕಮ್ಮಿಯಾದರು. ಎಷ್ಟೋ ಕಡೆ ಉಣ್ಣೆ ಮಾರಿದ ದುಡ್ಡು ಕತ್ತರಿಸಿದ ಕೂಲಿಗೂ ಸಾಲದೆ, ಕತ್ತರಿಸಿ ಅಲ್ಲೇ ಬಿಸಾಡುತ್ತಾರೆ. ಉಣ್ಣೆಯೇ ಇಲ್ಲದ, ಬೇಗ ತೂಕ ಬರುವ ಮಾಂಸದ ತಳಿಗಳ ಕಡೆ ಕುರಿಗಾಹಿಗಳು ಹೊರಳುತ್ತಿದ್ದಾರೆ. ಅವರನ್ನು ದೂರೋಕೆ ನಾನ್ಯಾರು? ನಮ್ಮ ಮನೆಯಲ್ಲಿ ಅಜ್ಜಿಯ ಕಂಬಳಿ ಒಂದಿದೆ. ಎಲ್ಲಿ ಗೊತ್ತಾ? ಇಸ್ತ್ರಿ ಟೇಬಲ್ ಮೇಲೆ, ಹಳೇ ಬೆಡ್‌ಶೀಟಿನ ಕೆಳಗೆ. ಗೆಳತಿಗೆ ಅಂತ ತಂದ ಮೆರಿನೊ ಸ್ಕಾರ್ಫನ್ನು ಗಿಫ್ಟ್ ಪ್ಯಾಕ್ ಮಾಡಿದ್ದು ಅದೇ ಟೇಬಲ್ ಮೇಲೆ.

ಹಾಗಂತ ಆ ಗ್ಯಾರೇಜಿನವರಿಗೆ ದೇಶಪ್ರೇಮದ ಪಾಠ ಹೇಳೋದು ಸುಲಭ, ನ್ಯಾಯ ಅಲ್ಲ. ಮೆರಿನೊ ಎಳೆ ಸುಮಾರು 20 ಮೈಕ್ರಾನ್ ದಪ್ಪ ಇದ್ದರೆ ಡೆಕ್ಕನಿ ಎಳೆ ಅದಕ್ಕಿಂತ ತುಂಬಾ ದಪ್ಪ. ಜೊತೆಗೆ ಒಳಗೆ ಟೊಳ್ಳಿರುವ ಒರಟು ಕೂದಲೂ ಬೆರೆತಿರುತ್ತೆ. ಅದು ಬೇಗ ಫೆಲ್ಟ್ ಆಗಲ್ಲ, ತೆಳು ರೇಷ್ಮೆಯಲ್ಲಿ ಮೆರಿನೊ ಥರ ನಯವಾಗಿ ನುಗ್ಗಲ್ಲ, ಕುತ್ತಿಗೆಗೆ ಹಾಕ್ಕೊಂಡ್ರೆ ಚುಚ್ಚುತ್ತೆ. ಕಂಬಳಿಯಲ್ಲಿ ಊಟಕ್ಕೆ ಕೂತು ಕೂದಲು ಬಂತು ಅಂದ್ರಂತೆ ಅನ್ನೋ ಗಾದೆ ಇರೋದೇ ಅದಕ್ಕೆ. ಸ್ಕಾರ್ಫಿಗೆ ಮೆರಿನೊ ಬೇಕು ಅಂದ್ರೆ ಬೇಕು. ಅದರಲ್ಲಿ ತಪ್ಪಿಲ್ಲ.

ಆದರೆ ಅಲ್ಲಿದ್ದದ್ದೆಲ್ಲ ಸ್ಕಾರ್ಫ್ ಆಗಿರಲಿಲ್ಲವಲ್ಲ. ಬಿಸಿಪಾತ್ರೆ ಇಡೋ ಮ್ಯಾಟು, ಲ್ಯಾಪ್‌ಟಾಪ್ ಕವರು, ಮನೆಯೊಳಗಿನ ಚಪ್ಪಲಿ, ಗೋಡೆಗೆ ತೂಗುಹಾಕುವ ಚಿತ್ರ ಇವೂ ಇದ್ದವು. ಇವು ಯಾವುದೂ ಕುತ್ತಿಗೆಗೆ ತಾಗಲ್ಲ. ಚಪ್ಪಲಿಯ ಅಟ್ಟೆಗೆ ಒರಟು ಉಣ್ಣೆಯೇ ಹೆಚ್ಚು ಬಾಳಿಕೆ. ನಡುವೆ ಡೆಕ್ಕನಿ, ಹೊರಗೆ ತೆಳುವಾಗಿ ಮೆರಿನೊ ಇಟ್ಟು ಬೆರೆಸಿಯೂ ಮಾಡಬಹುದು. ಬಣ್ಣವೇ ಹಾಕದೆ ಸಿಗುವ ಆ ಕಪ್ಪು, ಕಂದು, ಬೂದುಗಳ ಪಕ್ಕದಲ್ಲಿ ಹಳೇ ಮೈಸೂರು ಸಿಲ್ಕ್ ಸೀರೆಯ ತುಂಡು ಇಟ್ಟರೆ ಹೇಗೆ ಕಾಣಬಹುದು, ಯೋಚಿಸಿ. ನೇಯ್ಗೆ ದಟ್ಟವಾದಷ್ಟೂ ಉಣ್ಣೆ ಹಿಡಿಯೋದು ಕಷ್ಟ, ನಾಲ್ಕು ತುಂಡು ಹಾಳಾಗಬಹುದು. ಹಾಳು ಮಾಡದೆ ಯಾವ ಕಸುಬು ಬಂದಿದೆ? ಅಂಬಾರಿ ಆನೆಗಿಂತ ಮೈಸೂರು ಅದರಲ್ಲಿ ಹೆಚ್ಚಿರುತ್ತೆ.

ನನ್ನ ವಿಮರ್ಶೆ ಇಷ್ಟೇ. ಹ್ಯಾಂಡ್‌ಮೇಡ್ ಅಂತ ಬರೆದಾಗ ನಾವು ಲೆಕ್ಕ ಹಾಕೋದು ಕಡೆಯ ಕೈಯೊಂದನ್ನೇ. ಕತ್ತರಿಸಿದ ಕೈ, ನೂತ ಕೈ, ಗೂಡು ಬಿಚ್ಚಿದ ಕೈ ಚೀಟಿಯಲ್ಲಿ ಇರಲ್ಲ. ಸಂಬಳ ಬಂದ ವಾರ ಹ್ಯಾಂಡ್‌ಮೇಡ್ ಕೊಂಡು ಒಳ್ಳೆ ಕೆಲಸ ಮಾಡಿದೆ ಅನ್ಕೊಳ್ಳೋ ನಮ್ಮಂಥವರು ಕೇಳದೇ ಇದ್ದರೆ ಅದನ್ನು ಯಾರೂ ಬರೆಯೋದೂ ಇಲ್ಲ.

ಮುಂದಿನ ಭಾನುವಾರ ಮತ್ತೆ ಹೋಗಿ ಇದನ್ನೆಲ್ಲ ಆಕೆಗೇ ಹೇಳಿದೆ. ಕೋಪ ಮಾಡ್ಕೊಳ್ಳಲಿಲ್ಲ. "ಚೀಟಿ ಚಿಕ್ಕದು, ಅಷ್ಟೆಲ್ಲ ಹಿಡಿಯಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆ ಕಪ್ಪು ಉಣ್ಣೆ ಒಂದು ಕೆಜಿ ಎಲ್ಲಿ ಸಿಗುತ್ತೆ, ವಿಚಾರಿಸ್ತೀರಾ?" ಅಂತ ಕೇಳಿದರು. ವಿಚಾರಿಸ್ತಿದ್ದೀನಿ. ಅಷ್ಟರಲ್ಲಿ ಅಜ್ಜಿಯ ಕಂಬಳಿಯನ್ನು ಇಸ್ತ್ರಿ ಟೇಬಲ್ಲಿಂದ ತೆಗೆದು ಬಿಸಿಲಿಗೆ ಹಾಕಿದ್ದೇನೆ. ಒಂದು ಮೂಲೆ ಸುಟ್ಟಿದೆ. ಮಿಕ್ಕದ್ದೆಲ್ಲ ಗಟ್ಟಿಯಾಗಿದೆ.