‘ಕ್ವೈದಾನ್’: ಕೇಳಿದ ಕಥೆ, ಕಂಡ ದೆವ್ವ

ದೆವ್ವದ ಚಿತ್ರವೆಂದರೆ ಕಿರಿಚಾಟ, ಬಿಳಿ ಸೀರೆ, ತಾನಾಗಿ ತೆರೆದುಕೊಳ್ಳುವ ಬಾಗಿಲು ಎಂದುಕೊಂಡವರಿಗೆ ಜಪಾನಿನ ‘ಕ್ವೈದಾನ್’ ಮೊದಲ ಅರ್ಧ ಗಂಟೆ ಬೇಸರ ತಂದೀತು. 1964ರಲ್ಲಿ ಮಸಾಕಿ ಕೊಬಾಯಾಶಿ ನಿರ್ದೇಶಿಸಿದ, ಮೂರು ಗಂಟೆಗಳ ಈ ಚಿತ್ರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕಥೆಗಳಿವೆ. 1965ರ ಕಾನ್ ಉತ್ಸವದಲ್ಲಿ ಇದಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಬಂತು. ಬಹುಮಾನದ ಮಾತು ಅಷ್ಟಕ್ಕಿರಲಿ.

ಆ ಕಥೆಗಳು ಬಂದ ದಾರಿ ಹೊರನಾಡಿಗರಾದ ನಮಗೆ ಹೆಚ್ಚು ಆಪ್ತ. ಗ್ರೀಕ್ ತಾಯಿ, ಐರಿಷ್ ತಂದೆಯ ಮಗ ಲಾಫ್ಕಾಡಿಯೊ ಹರ್ನ್ 1890ರಲ್ಲಿ ಜಪಾನಿಗೆ ಹೋಗಿ ಅಲ್ಲಿಯೇ ನೆಲೆಸಿದ. ಹೆಂಡತಿ ಸೆತ್ಸು ಹಳೆಯ ಕಥೆ ಹೇಳುವಾಗ ಪುಸ್ತಕ ನೋಡಿ ಓದಕೂಡದು, ನಿನ್ನ ಮಾತಿನಲ್ಲೇ ಹೇಳು ಎಂದು ಹಟ ಹಿಡಿಯುತ್ತಿದ್ದನಂತೆ. ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದ. ‘ಕ್ವೈದಾನ್’ ಪುಸ್ತಕ 1904ರಲ್ಲಿ, ಆತ ತೀರಿಕೊಂಡ ವರ್ಷವೇ, ಹೊರಬಂತು. ಅರವತ್ತು ವರ್ಷಗಳ ಮೇಲೆ ಕೊಬಾಯಾಶಿ ಆ ಪುಸ್ತಕದಿಂದಲೂ ಹರ್ನನ ಬೇರೆ ಸಂಕಲನಗಳಿಂದಲೂ ಕಥೆಗಳನ್ನಾಯ್ದು ಮತ್ತೆ ಜಪಾನೀ ನಾಲಗೆಗೆ ಮರಳಿಸಿದರು. ಅಜ್ಜಿಯಿಂದ ಕನ್ನಡದಲ್ಲಿ ಕೇಳಿದ್ದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷಿಗೆ ಇಳಿಸುತ್ತಾರೆ. ಅದನ್ನು ಹಿಂದಕ್ಕೆ ತರುವವರು ಯಾರು?

ಚಿತ್ರದ ಜೀವ ‘ಕಿವಿಯಿಲ್ಲದ ಹೋಯಿಚಿ’. ದಾನ್-ನೊ-ಉರಾದ ಕಡಲಕಾಳಗದಲ್ಲಿ 1185ರಲ್ಲಿ ಹೇಯ್ಕೆ ವಂಶ ತನ್ನ ಬಾಲಚಕ್ರವರ್ತಿಯೊಡನೆ ಮುಳುಗಿಹೋಯಿತು. ಆ ಕಡಲ ದಡದ ದೇವಾಲಯದಲ್ಲಿ ಬಿವಾ ಎಂಬ ತಂತಿವಾದ್ಯ ನುಡಿಸುವ ಕುರುಡ ಹೋಯಿಚಿ. ರಾತ್ರಿ ಒಬ್ಬ ಯೋಧ ಬಂದು ಕರೆದೊಯ್ಯುತ್ತಾನೆ. ಯಾವುದೋ ದೊರೆಯ ಅರಮನೆಯೆಂದು ಇವನು ಹಾಡುತ್ತಾನೆ. ಹಾಡುತ್ತಿರುವುದು ಗೋರಿಗಳ ನಡುವೆ. ಸತ್ತವರಿಗೆ ಬೇಕಾದದ್ದು ರಕ್ತವಲ್ಲ, ತಮ್ಮ ಸೋಲಿನ ಕಥೆ! ಇವನನ್ನು ಉಳಿಸಲೆಂದು ಗುರುಗಳು ಮೈಯೆಲ್ಲ ಬೌದ್ಧ ಸೂತ್ರ ಬರೆಸುತ್ತಾರೆ, ಕಿವಿಗಳು ಮರೆತುಹೋಗುತ್ತವೆ. ಯೋಧನ ಕಣ್ಣಿಗೆ ಬೀಳುವುದು ಎರಡು ಕಿವಿ ಮಾತ್ರ. ಅವನ್ನೇ ಕಿತ್ತೊಯ್ಯುತ್ತಾನೆ. ಬರಹಕ್ಕೆ ಅಂಜುವ ದೆವ್ವ ನಮಗೇನೂ ಹೊಸದಲ್ಲ. 1990ರ ದಶಕದಲ್ಲಿ ಕರ್ನಾಟಕದ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ದೆವ್ವವನ್ನು ಉಪಾಯದಿಂದ ಸಾಗಹಾಕಿದರೆ ಸಾಕಿತ್ತು. ಕಿವಿ ಕಳೆದುಕೊಂಡ ಹೋಯಿಚಿ ಮಾತ್ರ ಆ ಸತ್ತವರ ಸಮಾಧಾನಕ್ಕಾಗಿಯೇ ಇನ್ನೂ ನುಡಿಸುತ್ತೇನೆ ಎನ್ನುತ್ತಾನೆ. ಭಯವು ಕರುಣೆಯಾಗುವ ಈ ಘಳಿಗೆ ದೆವ್ವದ ಚಿತ್ರಗಳಲ್ಲಿ ಅಪರೂಪ.

‘ಕಪ್ಪು ಕೂದಲು’ ಕಥೆಯಲ್ಲಿ ಬಡತನಕ್ಕೆ ಹೇಸಿ ಹೆಂಡತಿಯನ್ನು ಬಿಟ್ಟುಹೋದ ಸಮುರಾಯ್ ವರ್ಷಗಳ ಮೇಲೆ ಮರಳುತ್ತಾನೆ. ಅವಳು ಒಂದು ಕೊಂಕು ಮಾತನ್ನೂ ಆಡುವುದಿಲ್ಲ. ಬೆಳಗಾದ ಮೇಲೆ ಏನಾಯಿತೆಂದು ನಾವು ಹೇಳೆವು. ತೋರು ತಾಕೆಮಿತ್ಸು ಇಲ್ಲಿ ಸಂಗೀತದ ಬದಲು ಮರ ಸೀಳುವ ಸದ್ದನ್ನು ಬಳಸಿದ್ದಾರೆ. ಹಲಗೆ ಮುರಿಯುವುದು ಕಂಡಾಗ ಸದ್ದಿಲ್ಲ. ಸದ್ದು ಬಂದಾಗ ನಾವು ಸಿದ್ಧರಿಲ್ಲ.

‘ಹಿಮದ ಹೆಣ್ಣು’ ಕಥೆಯ ಆಕಾಶವೆಲ್ಲ ಬಣ್ಣ ಬಳಿದ ಪರದೆ, ಅದರಲ್ಲಿ ದೊಡ್ಡ ಕಣ್ಣು. ಮೊದಲ ಸಲ ಮೈ ಝುಮ್ಮೆನ್ನುತ್ತದೆ. ಮತ್ತೆ ಮತ್ತೆ ಕಂಡಾಗ ಚಿತ್ರಕಾರನ ಕೈಯೇ ಎದ್ದು ಕಾಣುತ್ತದೆ. ಹಾಗೆಂದು ಅಮೆರಿಕದಲ್ಲಿ ತೆರೆಗೆ ತಂದಾಗ ಈ ಕಥೆಯನ್ನೇ ಕತ್ತರಿಸಿದ್ದು ಅನ್ಯಾಯ. ಮಕ್ಕಳ ಮುಖ ನೋಡಿ ಗಂಡನನ್ನು ಕೊಲ್ಲದೆ ಹೋಗುವ ಆ ಹೆಣ್ಣು ನಾಲ್ಕೂ ಕಥೆಗಳಲ್ಲಿ ನಮಗೆ ಅತಿ ಹತ್ತಿರದವಳು.

ಕೊನೆಯದು, ಚಹದ ಬಟ್ಟಲಲ್ಲಿ ಅಪರಿಚಿತನ ಮುಖ ಕಂಡ ಯೋಧನದು. ಮೂಲವೇ ಅಪೂರ್ಣ ಕಥೆ. ಚಿತ್ರ ಅದಕ್ಕೊಂದು ಚಮತ್ಕಾರದ ಮುಗಿತಾಯ ಅಂಟಿಸಿದೆ. ಹೋಯಿಚಿಯ ನಂತರ ಅದು ಬಾರದಿದ್ದರೇ ಚೆನ್ನಾಗಿತ್ತು.