ಗಾಂಧಿ ಕ್ಲಾಸು ಎಲ್ಲಿ ಹೋಯಿತು?

ಸಿನೆಮಾ ಟಿಕೀಟಿನ ದರದ ಬಗ್ಗೆ ನಮ್ಮ ನಾಡಿನಲ್ಲಿ ನಡೆದ ಚರ್ಚೆಯೆಲ್ಲ ಒಂದೇ ಅಂಕಿಯ ಸುತ್ತ ತಿರುಗಿದೆ. ಅದು ಇನ್ನೂರು ರೂಪಾಯಿ. 2017ರ ಮಾರ್ಚ್ ತಿಂಗಳ ಮುಂಗಡಪತ್ರದಲ್ಲಿ, ಮಲ್ಟಿಪ್ಲೆಕ್ಸುಗಳ ಟಿಕೀಟಿಗೆ ಇನ್ನೂರು ರೂಪಾಯಿಯ ಮಿತಿ ಹಾಕುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಆದೇಶ ಹೊರಬಿದ್ದದ್ದು ಮೇ ತಿಂಗಳಲ್ಲಿ. ಅಷ್ಟರೊಳಗೆ ಏಪ್ರಿಲ್ 28ಕ್ಕೆ 'ಬಾಹುಬಲಿ'ಯ ಎರಡನೆಯ ಭಾಗ ಬಂದು ತನ್ನ ಸುಗ್ಗಿ ಮಾಡಿಕೊಂಡಾಗಿತ್ತು. ಆ ಆದೇಶ ಕೋರ್ಟಿನ ಮೆಟ್ಟಿಲು ಹತ್ತಿತು, ಬಾಳಿಕೆ ಬರಲಿಲ್ಲ. 2025ರ ಮಾರ್ಚಿನಲ್ಲಿ ಅದೇ ಮುಖ್ಯಮಂತ್ರಿಗಳು ಅದೇ ಅಂಕಿಯನ್ನು ಮತ್ತೊಮ್ಮೆ ಮುಂಗಡಪತ್ರದಲ್ಲಿ ಓದಿದರು. ಸೆಪ್ಟೆಂಬರ್ 12ಕ್ಕೆ ನಿಯಮ ಬಂತು, 23ಕ್ಕೆ ಹೈಕೋರ್ಟಿನ ತಡೆಯಾಜ್ಞೆ ಬಂತು. ಅಕ್ಟೋಬರ್ 2ಕ್ಕೆ 'ಕಾಂತಾರ'ದ ಮೊದಲ ಅಧ್ಯಾಯ ಬಿಡುಗಡೆಯಾದಾಗ ಬೆಂಗಳೂರಿನ ಕೆಲವು ಪರದೆಗಳ ಮುಂದೆ ಕೂಡ್ರಲು ಸಾವಿರ ರೂಪಾಯಿಯೂ ಸಾಲದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಆದರೆ ಈ ತುತ್ತು ಯಾರ ಕೈಗೆ ಬಂದಿತ್ತು? ಹುನಗುಂದ, ಇಳಕಲ್ಲು, ಬಾದಾಮಿಯ ಕಡೆಯಿಂದ ನೋಡಿದರೆ ಈ ಜಗಳ ಬೇರೆಯವರ ಮನೆಯದು ಅನ್ನಿಸುತ್ತದೆ. ಇನ್ನೂರು ರೂಪಾಯಿಯ ಮೇಲೆ ತೆರಿಗೆ ಪ್ರತ್ಯೇಕ. ನೂರಕ್ಕೆ ಹದಿನೆಂಟರಂತೆ ಸೇರಿಸಿದರೆ 236 ರೂಪಾಯಿ. ಈ ಮಿತಿ ಜಾರಿಗೆ ಬಂದಿದ್ದರೂ ಸೀರೆ ನೇಯುವ ಮಗ್ಗದ ಮನೆಯವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹುಬ್ಬಳ್ಳಿಯ ಮಾಲ್ ಹತ್ತುತ್ತಿರಲಿಲ್ಲ. ಟಿಕೀಟಿನ ದರ ಎಲ್ಲಿಯವರೆಗೆ ಏರಬಹುದು ಎಂಬುದರ ಮೇಲೆ ಸರಕಾರವೂ ಮಾಲಕರೂ ಕೋರ್ಟಿನಲ್ಲಿ ಕಾದಾಡಿದರು. ಅದು ಎಲ್ಲಿಂದ ಶುರುವಾಗಬೇಕು ಎಂದು ಯಾರೂ ಕೇಳಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ಸಿನೆಮಾ ದುಬಾರಿಯಾಯಿತು ಎನ್ನುವಾಗ ನಾವು ಮೇಲಿನ ದರ ಏರಿದ್ದನ್ನು ನೋಡುತ್ತೇವೆ. ಕೆಳಗಿನ ದರ ಕಾಣೆಯಾದದ್ದನ್ನು ನೋಡುವುದಿಲ್ಲ.

ಹಳೆಯ ಟಾಕೀಜಿನ ರಚನೆಯನ್ನೇ ನೆನಪಿಗೆ ತಂದುಕೊಳ್ಳಿ. ಪರದೆಗೆ ಹತ್ತಿರ ನೆಲ ಅಥವಾ ಬೆನ್ನಿಲ್ಲದ ಬೆಂಚು. ಅದಕ್ಕೆ ಗಾಂಧಿ ಕ್ಲಾಸು ಎಂದು ಹೆಸರು. ಹಿಂದೆ ಬೆನ್ನಿರುವ ಬೆಂಚು, ಅದರ ಹಿಂದೆ ಖುರ್ಚಿ, ಮೇಲೆ ಬಾಲ್ಕನಿ. ವಕೀಲರು, ಡಾಕ್ಟರರು, ಅಡತಿ ಅಂಗಡಿಯ ಸಾಹುಕಾರರು ಮೇಲೆ. ಹಮಾಲರು, ನೇಕಾರರು, ಶಾಲೆ ತಪ್ಪಿಸಿದ ಹುಡುಗರು ಕೆಳಗೆ. ಇದರಲ್ಲಿ ಸಮಾನತೆ ಇತ್ತೆಂದು ನಾನು ಹೇಳುವುದಿಲ್ಲ. ಊರಿನಲ್ಲಿದ್ದ ಮೇಲು-ಕೀಳು ಟಾಕೀಜಿನಲ್ಲಿಯೂ ಇತ್ತು, ಟಿಕೀಟಿನ ಕಿಟಕಿಗಳೂ ಬೇರೆ ಬೇರೆ ಇದ್ದವು. ಆದರೆ ಒಂದೇ ಆಟ, ಒಂದೇ ಕತ್ತಲೆ, ಒಂದೇ ಕತೆ. ಮುಂದಿನ ಸಾಲು ಸಿಳ್ಳು ಹಾಕಿದರೆ ಬಾಲ್ಕನಿಗೆ ಕೇಳಿಸುತ್ತಿತ್ತು. ನಾಯಕನ ಯಾವ ಮಾತಿಗೆ ಬಡವ ಚಪ್ಪಾಳೆ ಹೊಡೆದ ಎಂಬುದು ಸಾಹುಕಾರನಿಗೂ ಗೊತ್ತಾಗುತ್ತಿತ್ತು.

ಇಳಕಲ್ಲಿನ ಸೀರೆ ಬಲ್ಲವರಿಗೆ ಇದನ್ನು ತಿಳಿಸಿ ಹೇಳಬೇಕಾಗಿಲ್ಲ. ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸಿಗೆಯನ್ನೂ ಸೆರಗಿನ ಹಾಸಿಗೆಯನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದು ಕೊಂಡಿ. ಅಗ್ಗದ ನೂಲೂ ತುಟ್ಟಿಯ ನೂಲೂ ಸೇರಿ ಒಂದು ಸೀರೆಯಾಗುತ್ತದೆ. ಟಾಕೀಜಿನಲ್ಲಿ ಈ ಕೊಂಡಿಯ ಕೆಲಸ ಮಾಡಿದ್ದು ದರಪಟ್ಟಿ.

ನಾಟಕದ ಕಂಪನಿಗಳಲ್ಲಿಯೂ ಇದೇ ಕ್ರಮ, ಆದರೆ ತಿರುವುಮುರುವು. ಅಲ್ಲಿ ಮುಂದಿನ ಖುರ್ಚಿ ತುಟ್ಟಿ, ಹಿಂದಿನ ಜಾಗ ಅಗ್ಗ. ಬನದ ಹುಣ್ಣಿವೆಗೆ ಬಾದಾಮಿಯ ಬನಶಂಕರಿಯ ತೇರು ಎಳೆದ ಮೇಲೆ ವಾರಗಟ್ಟಲೆ ಜಾತ್ರೆ ನಿಲ್ಲುತ್ತದೆ. ಸಾಲಾಗಿ ಕಂಪನಿಗಳ ಥೇಟರುಗಳು ಎದ್ದಿರುತ್ತವೆ. ಹುನಗುಂದ ತಾಲೂಕಿನ ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥ ಕಂಪನಿಗಳು ಇಂಥ ಜಾತ್ರೆಗಳನ್ನೇ ನಂಬಿ ಬದುಕಿದವು. ಬಳೆ, ಬೆಂಡು-ಬತ್ತಾಸ, ತೊಟ್ಟಿಲು, ದೇವರ ದರ್ಶನ ಎಲ್ಲ ಮುಗಿಸಿ ಕಿಸೆಯಲ್ಲಿ ಉಳಿದ ರೊಕ್ಕದಲ್ಲಿ ನಾಟಕ ನೋಡಬೇಕು. ಆ ಉಳಿದ ರೊಕ್ಕ ಎಷ್ಟಿದ್ದೀತು ಎಂಬ ಅಂದಾಜಿನ ಮೇಲೆ ಮಾಲಕ ದರ ಇಡುತ್ತಿದ್ದ. ಪ್ರೇಕ್ಷಕನ ಕಿಸೆಯನ್ನು ಮೊದಲು ನೋಡಿ ದರ ಗೊತ್ತುಮಾಡುವುದು ನಮ್ಮ ಕಡೆಯ ರಂಗಭೂಮಿಯ ವ್ಯವಹಾರಜ್ಞಾನ. ಸಿನೆಮಾದ ಹಳೆಯ ಮಾಲಕರು ಅದನ್ನು ಇಲ್ಲಿಂದಲೇ ಕಲಿತರು.

ಈ ಸೀಮೆ ಸಿನೆಮಾಕ್ಕೆ ಪ್ರೇಕ್ಷಕರನ್ನಷ್ಟೇ ಕೊಟ್ಟಿಲ್ಲ. ಬೀಳಗಿಯ ಅಮೀರಬಾಯಿ ಕರ್ನಾಟಕಿ ನಾಟಕದಿಂದ ಮುಂಬಯಿಯ ಸಿನೆಮಾಕ್ಕೆ ಹೋದವರು. ಅವರು ಹಾಡಿದ 'ಕಿಸ್ಮತ್' 1943ರಲ್ಲಿ ಬಂದು ಕಲಕತ್ತೆಯ ಒಂದೇ ಥೇಟರಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ವಿಜಯಪುರದಲ್ಲಿ ಅವರ ಹೆಸರಿನ ಅಮೀರ ಟಾಕೀಜೇ ಇತ್ತು. ಇನ್ನೊಬ್ಬರು ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ. ಅವರ 'ಸಂಪತ್ತಿಗೆ ಸವಾಲ್' ನಾಟಕ ಕಂಪನಿಗಳ ಮುಖಾಂತರ ಹಳ್ಳಿ ಹಳ್ಳಿ ಸುತ್ತಿ, 1974ರಲ್ಲಿ ರಾಜಕುಮಾರ ಅವರ ಸಿನೆಮಾ ಆಯಿತು.

'ಸಂಪತ್ತಿಗೆ ಸವಾಲ್' ಇವತ್ತು ನೋಡಿದರೆ ಮುಜುಗರವಾಗುವ ಜಾಗಗಳು ಬಹಳ. ಸಾಹುಕಾರನ ಸೊಕ್ಕಿನ ಮಗಳನ್ನು ಬಡ ನಾಯಕ ಪಳಗಿಸುವ ಕತೆ ಅದು. ಹೆಣ್ಣನ್ನು ಮಣಿಸುವುದನ್ನೇ ಗಂಡಸುತನವೆಂದು ಅದು ತಿಳಿದಿದೆ. ಆ ದೋಷವನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೂ ಅದರ ಒಂದು ಗುಣವನ್ನು ಗುರುತಿಸಲೇಬೇಕು. ಆ ಸಿನೆಮಾಕ್ಕೆ ತಾನು ಯಾರ ಮುಂದೆ ಮಾತಾಡುತ್ತಿದ್ದೇನೆಂಬ ಅರಿವಿದೆ. ಸಂಪತ್ತಿಗೆ ಸವಾಲು ಹಾಕುವ ನಾಯಕನ ಎದುರು ಸಂಪತ್ತಿಲ್ಲದವರು ಕೂತಿದ್ದಾರೆ, ಅವರ ಹಿಂದೆ ಸಂಪತ್ತಿದ್ದವರೂ ಕೂತಿದ್ದಾರೆ. ಎರಡೂ ಕಡೆಗೆ ತಾಗುವಂತೆ ಮಾತು ಬರೆಯಬೇಕು. ಕಂಪನಿ ನಾಟಕದ ಲೇಖಕನಿಗೆ ಈ ವಿದ್ಯೆ ಗಲ್ಲಾಪೆಟ್ಟಿಗೆಯಿಂದ ಬಂದದ್ದು. ಗಾಂಧಿ ಕ್ಲಾಸಿನ ಪ್ರೇಕ್ಷಕ ತನ್ನ ಚಿಲ್ಲರೆ ಕಾಸಿನಿಂದ ಆ ಕತೆಯ ದಿಕ್ಕನ್ನೇ ತಿದ್ದುತ್ತಿದ್ದ. ಅವನ ಕಾಸು ಲೆಕ್ಕಕ್ಕೆ ಬರದ ದಿನ ಅವನ ಅಭಿರುಚಿಯೂ ಲೆಕ್ಕಕ್ಕೆ ಬರುವುದಿಲ್ಲ.

ಈಗ ಲೆಕ್ಕ ಹೇಗಿದೆ ನೋಡಿ. ದೇಶದ ಅತಿ ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿ ಪಿವಿಆರ್ ಐನಾಕ್ಸ್. 2023-24ರ ಸಾಲಿನಲ್ಲಿ ಅದರ ಸರಾಸರಿ ಟಿಕೀಟು 259 ರೂಪಾಯಿ, ಒಬ್ಬ ಪ್ರೇಕ್ಷಕ ತಿಂಡಿ-ಪಾನೀಯಕ್ಕೆ ಮಾಡಿದ ಸರಾಸರಿ ಖರ್ಚು 132 ರೂಪಾಯಿ. ಎರಡೂ ಕೂಡಿ 391. ಅದೇ ವರ್ಷ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ ದಿನಗೂಲಿ 316. ಅಂದರೆ ದಿನವಿಡೀ ಬಿಸಿಲಲ್ಲಿ ಮಣ್ಣು ಹೊತ್ತವನು ಆ ದಿನದ ಗಳಿಕೆಯಲ್ಲಿ ಒಬ್ಬನೇ ಕೂಡ ಹೋಗಿ ಬರಲಾರ. ನಾಲ್ಕು ಮಂದಿಯ ಕುಟುಂಬಕ್ಕೆ 1564 ರೂಪಾಯಿ, ಹೆಚ್ಚೂಕಡಿಮೆ ಐದು ದಿನದ ಕೂಲಿ. ಹೊರಗಿನ ತಿಂಡಿ ತರಬಾರದೆಂದು ತಡೆಯುವ ಹಕ್ಕು ಥೇಟರಿನವರಿಗೆ ಇದೆ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕುಡಿಯುವ ನೀರನ್ನು ಮಾತ್ರ ಪುಕ್ಕಟೆ ಕೊಡಬೇಕು. ಮನೆಯಿಂದ ಸೆರಗಿನಲ್ಲಿ ಕಟ್ಟಿ ತಂದ ಚುರುಮುರಿ-ಶೇಂಗಾಕ್ಕೆ ಅಲ್ಲಿ ಪ್ರವೇಶವಿಲ್ಲ. 2023ರ ಜೂನಿನಿಂದ ನಮ್ಮ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ನೂರು ಕಿಲೋಮೀಟರ್ ಮೀರಿದ ಹುಬ್ಬಳ್ಳಿಯ ದಾರಿ ಸಲೀಸಾಯಿತು. ಮಾಲ್‌ನ ಬಾಗಿಲಿನಿಂದ ಪರದೆಯವರೆಗಿನ ಹತ್ತು ಮಾರು ಮಾತ್ರ ದೂರವೇ ಉಳಿಯಿತು.

ಹಾಗಾದರೆ ನಮ್ಮ ಊರಿನ ಟಾಕೀಜಿಗೇ ಹೋಗಬಹುದಲ್ಲ ಎನ್ನುತ್ತೀರಿ. ಹೋಗಬಹುದು, ಅದು ಉಳಿದಿದ್ದರೆ. ಒಂಟಿ ಪರದೆಯ ಮಾಲಕನ ಕಷ್ಟವನ್ನು ಹಗುರಾಗಿ ಕಾಣಬಾರದು. ವರ್ಷಕ್ಕೆ ನಾಲ್ಕಾರು ದೊಡ್ಡ ಸಿನೆಮಾಗಳಿಗೆ ಮಂದಿ ಮುಕರುತ್ತಾರೆ, ಉಳಿದ ವಾರಗಳಲ್ಲಿ ಖುರ್ಚಿಗಳೇ ಸಿನೆಮಾ ನೋಡುತ್ತವೆ. ಕರೆಂಟಿನ ಬಿಲ್ಲು, ಆಳುಗಳ ಪಗಾರ, ಡಿಜಿಟಲ್ ಯಂತ್ರದ ಖರ್ಚು ಮಾತ್ರ ವಾರವಾರವೂ ತಪ್ಪುವುದಿಲ್ಲ. ಪೇಟೆಯ ನಡುವಿನ ಆ ಜಾಗ ಕಲ್ಯಾಣ ಮಂಟಪವಾದರೆ ಒಂದು ಲಗ್ನಸರಾಯಿಯಲ್ಲಿ ವರ್ಷದ ಗಳಿಕೆ ಕೊಡುತ್ತದೆ. ಅವನು ಟಾಕೀಜು ಕೆಡವಿದರೆ ಅವನ ಮೇಲೆ ಸಿಟ್ಟು ಮಾಡಿ ಫಲವಿಲ್ಲ.

ತೆರಿಗೆಯ ಕತೆಯೂ ಇದರಲ್ಲಿ ಸೇರಿದೆ. ಮೊದಲು ಕನ್ನಡ ಸಿನೆಮಾಕ್ಕೆ ರಾಜ್ಯದ ಮನರಂಜನಾ ತೆರಿಗೆಯ ವಿನಾಯಿತಿ ಇತ್ತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ನೂರು ರೂಪಾಯಿಯವರೆಗಿನ ಟಿಕೀಟಿಗೂ ನೂರಕ್ಕೆ 18, ಅದರ ಮೇಲಿನದಕ್ಕೆ 28 ಬಿತ್ತು. 2019ರ ಜನವರಿಯಲ್ಲಿ ಅದು 12 ಮತ್ತು 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ನೂರರೊಳಗಿನ ಟಿಕೀಟಿಗೆ ಬರೀ 5. ಇನ್ನೂರರ ಮಿತಿಯ ಗದ್ದಲದಲ್ಲಿ ಈ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ. ಅದೇ ವಾರ ಬಂದ ಎರಡು ತೀರ್ಮಾನಗಳಲ್ಲಿ ನಮ್ಮಂಥ ಊರುಗಳಿಗೆ ಸಂಬಂಧಪಟ್ಟದ್ದು ಇದೊಂದೇ.

ದರ ಏರಿದ್ದರಿಂದ ಪ್ರೇಕ್ಷಕನಿಗೆ ಆದ ನಷ್ಟ ಗೊತ್ತಿರುವಂಥದು. ಸಿನೆಮಾಕ್ಕೆ ಆದ ನಷ್ಟವನ್ನು ನಾವು ವಿಮರ್ಶಕರು ಸರಿಯಾಗಿ ಬರೆದಿಲ್ಲ. ಟಿಕೀಟು ಅಗ್ಗವಿದ್ದಾಗ ಮಂದಿ ಕೆಟ್ಟ ಸಿನೆಮಾಗಳನ್ನೂ ನೋಡುತ್ತಿದ್ದರು. ಸಂತೆಗೆ ಬಂದವರು ಯಾವುದು ಹತ್ತಿದೆ ಎಂದು ಕೇಳಿ ಒಳಹೊಕ್ಕು, ಹೊರಬಂದು ಬೈಯುತ್ತಿದ್ದರು. ಹಾಗೆ ಬೈಯುತ್ತ ಬೈಯುತ್ತಲೇ ಒಳ್ಳೆಯದು ಯಾವುದೆಂಬ ತಿಳಿವಳಿಕೆ ಬೆಳೆಯುತ್ತಿತ್ತು. ಹೊಸ ನಿರ್ದೇಶಕನಿಗೂ ಅದರಲ್ಲಿ ಒಂದು ಅವಕಾಶವಿತ್ತು. ವರ್ಷಕ್ಕೊಮ್ಮೆ ಸಾವಿರಾರು ರೂಪಾಯಿ ಖರ್ಚು ಮಾಡಿ ಹೋಗುವವನು ಪರೀಕ್ಷೆಗೆ ಇಳಿಯುವುದಿಲ್ಲ. ಎಲ್ಲರೂ ನೋಡುತ್ತಿರುವುದನ್ನೇ ನೋಡುತ್ತಾನೆ. ನೋಡಿದ ಮೇಲೆ ಚೆನ್ನಾಗಿಲ್ಲ ಎನ್ನಲು ಅವನಿಗೆ ಮನಸ್ಸು ಬಾರದು, ಏಕೆಂದರೆ ಖರ್ಚಾದದ್ದು ಅವನ ರೊಕ್ಕ. ದೊಡ್ಡದು ಇನ್ನೂ ದೊಡ್ಡದಾಗುತ್ತದೆ, ಸದ್ದು ಇನ್ನೂ ಹೆಚ್ಚುತ್ತದೆ. 2018ರ 'ಕೆ.ಜಿ.ಎಫ್.' ಬಡ ತಾಯಿಯ ಮಗನೊಬ್ಬ ಬಂಗಾರದ ಗಣಿ ಗೆಲ್ಲುವ ಕತೆ. 2022ರ 'ಕಾಂತಾರ' ಕಾಡಿನ ಮಂದಿ ತಮ್ಮ ನೆಲ ಉಳಿಸಿಕೊಳ್ಳುವ ಕತೆ. ಎರಡರಲ್ಲೂ ನಾಯಕ ಇಲ್ಲದವರ ಪೈಕಿಯವನೇ. ಧುತ್ತರಗಿಯವರ ಸವಾಲು ಇನ್ನೂ ಪರದೆಯ ಮೇಲಿದೆ. ಆದರೆ ಅದನ್ನು ಕೇಳಬೇಕಾದವನು ಎಷ್ಟೋ ಕಡೆ ಪರದೆಯ ಮುಂದೆ ಇಲ್ಲ. ಮನೆಯ ಮೂಲೆಯಲ್ಲಿ ಅಂಗೈಯಗಲದ ಫೋನಿನಲ್ಲಿ, ತಿಂಗಳುಗಳ ನಂತರ, ಒಬ್ಬನೇ ನೋಡುತ್ತಾನೆ. ಅವನ ಸಿಳ್ಳು ಯಾರಿಗೂ ಕೇಳಿಸುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಇಲ್ಲವೇ? ಇದೆ. 2025ರ ಜುಲೈಯಲ್ಲಿ ಬಂದ 'ಸು ಫ್ರಮ್ ಸೋ' ದೊಡ್ಡ ನಟರಿಲ್ಲದ, ಸಣ್ಣ ಖರ್ಚಿನ ಸಿನೆಮಾ. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಥೇಟರುಗಳು ತುಂಬಿದವು. ಪ್ರೇಕ್ಷಕ ಸತ್ತಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಇನ್ನೊಂದು ಸಾಕ್ಷಿ ಮಲ್ಟಿಪ್ಲೆಕ್ಸಿನವರೇ ಒದಗಿಸಿದ್ದು. 2022ರ ಸೆಪ್ಟೆಂಬರ್ 23ರಂದು ರಾಷ್ಟ್ರೀಯ ಸಿನೆಮಾ ದಿನವೆಂದು ದೇಶದಾದ್ಯಂತ 75 ರೂಪಾಯಿಗೆ ಟಿಕೀಟು ಮಾರಿದರು. ಆ ಒಂದು ದಿನ ಸುಮಾರು 65 ಲಕ್ಷ ಮಂದಿ ಬಂದರೆಂದು ಅವರ ಸಂಘವೇ ಹೇಳಿತು. ಮಂದಿಗೆ ಸಿನೆಮಾ ಬೇಡವಾಗಿದೆ ಎಂದು ಮರುದಿನದಿಂದ ಹಾಡುವವರು ಈ ಲೆಕ್ಕವನ್ನು ಎದುರಿಗಿಟ್ಟುಕೊಂಡು ಹಾಡಬೇಕು.

ದುಡ್ಡಿದ್ದವನೇ ದೊಡ್ಡಪ್ಪ ಎಂಬ ಗಾದೆ ಹಳೆಯದು, ಅದನ್ನು ಸಿನೆಮಾದವರು ಹುಟ್ಟಿಸಿದ್ದಲ್ಲ. ಸಾವಿರ ಕೊಡುವವನಿಂದ ಸಾವಿರ ತೆಗೆದುಕೊಳ್ಳಲಿ, ಮಲಗಿ ನೋಡುವ ಖುರ್ಚಿ ಹಾಕಿಸಲಿ. ನನಗೆ ಅದರ ಚಿಂತೆಯಿಲ್ಲ. ಅದೇ ಆಟಕ್ಕೆ, ಅದೇ ಪರದೆಗೆ, ಬಡವ ಕೊಡಬಲ್ಲ ದರದ ಒಂದಷ್ಟು ಜಾಗ ಇರಬೇಕು. ಇದು ಕನಸಿನ ಮಾತಲ್ಲ. ಚೆನ್ನೈನ ಮಲ್ಟಿಪ್ಲೆಕ್ಸುಗಳಲ್ಲಿ 2017ರವರೆಗೆ ಸರಕಾರ ಗೊತ್ತುಪಡಿಸಿದ ಅತಿ ಹೆಚ್ಚಿನ ದರ 120 ರೂಪಾಯಿ, ಅತಿ ಕಡಿಮೆಯದು 10 ರೂಪಾಯಿ. ಹವಾನಿಯಂತ್ರಿತ ಮಾಲ್‌ನೊಳಗೆ, ಪರದೆಯ ತೀರ ಮುಂದಿನ ಸಾಲಿನಲ್ಲಿ, ಹತ್ತು ರೂಪಾಯಿಯ ಪ್ರೇಕ್ಷಕ ಕೂತಿರುತ್ತಿದ್ದ. ಅದರಿಂದ ಯಾವ ಮಾಲ್ ಕೂಡ ಮುಳುಗಲಿಲ್ಲ, ತಮಿಳು ಸಿನೆಮಾ ಬಡವಾಗಲಿಲ್ಲ.

ನಮ್ಮ ಸರಕಾರ ಎರಡು ಸಲ ಮೇಲಿನ ದರ ಕಟ್ಟಲು ಹೋಗಿ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಮುಂದಿನ ಸಲ ನಿಯಮ ಬರೆಯುವವರು ಕೆಳಗಿನ ದರದಿಂದ ಶುರುಮಾಡಲಿ. ಪ್ರತಿ ಪರದೆಯಲ್ಲೂ ಹತ್ತಕ್ಕೊಂದು ಜಾಗ ನೂರರೊಳಗೆ ಇರಲಿ, ತೆರಿಗೆ ಹೇಗೂ ಅದಕ್ಕೆ ಐದೇ. ಒಂಟಿ ಪರದೆ ನಡೆಸುವ ಸಣ್ಣ ಊರಿನ ಮಾಲಕನಿಗೆ ಕರೆಂಟಿನ ಬಿಲ್ಲಿನಲ್ಲಿ ರಿಯಾಯಿತಿ ಕೊಡಲಿ. ಬಾಗಲಕೋಟೆಯ ನವನಗರದಂಥ ಕಡೆ ಸರಕಾರವೇ ಸೆಕ್ಟರುಗಳ ನಕಾಶೆ ಹಾಕಿ ಊರು ಕಟ್ಟುವಾಗ ಶಾಲೆ, ದವಾಖಾನೆ, ಬಸ್ ನಿಲ್ದಾಣಗಳಿಗೆ ಜಾಗ ಗುರುತಿಸುತ್ತದೆ. ಆ ನಕಾಶೆಯಲ್ಲಿ ಅಗ್ಗದ ದರದ ಒಂದು ಚಿತ್ರಮಂದಿರಕ್ಕೂ ಜಾಗ ಬಿಡುವುದು ಅಸಾಧ್ಯವೇನಲ್ಲ. ಧುತ್ತರಗಿಯವರ ಊರಿನ ಹುಡುಗನೊಬ್ಬ ಇನ್ನೊಂದು ಸಿನೆಮಾ ಬರೆಯಬೇಕಾದರೆ ಅವನು ಮೊದಲು ನೂರಾರು ಸಿನೆಮಾ ನೋಡಿರಬೇಕು, ನಾಲ್ಕು ಮಂದಿಯ ನಡುವೆ ಕೂತು ನೋಡಿರಬೇಕು. ಅವನ ಕಿಸೆಯಲ್ಲಿ ಇವತ್ತು ಎಷ್ಟಿದೆ ಎಂದು ಕೇಳಿಕೊಂಡು ದರಪಟ್ಟಿಯ ಮೊದಲ ಸಾಲು ಬರೆಯಬೇಕು.