ಯುದ್ಧ ಯಾವಾಗ? - ಒಂದು ಗಣಕಯಂತ್ರದ ಆಟವನ್ನು ಕುರಿತು



ಪುಸ್ತಕ, ನಾಟಕ, ಚಲನಚಿತ್ರಗಳನ್ನು ವಿಮರ್ಶಿಸುವ ರೂಢಿ ನಮ್ಮಲ್ಲಿದೆ. ಆಟವೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಪರೂಪ. ಆದರೆ ನಮ್ಮ ಮಕ್ಕಳು ಕಾದಂಬರಿಯೊಂದಕ್ಕೆ ಕೊಡುವ ಹೊತ್ತಿಗಿಂತ ಎಷ್ಟೋ ಪಾಲು ಹೆಚ್ಚು ಹೊತ್ತನ್ನು ಒಂದು ಆಟಕ್ಕೆ ಕೊಡುತ್ತಿರುವಾಗ, ಆ ಆಟ ಅವರಿಗೆ ಏನನ್ನು ಹೇಳಿಕೊಡುತ್ತಿದೆ ಎಂದು ಕೇಳುವುದು ಹಿರಿಯರ ಕರ್ತವ್ಯವಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯೂ ಇದಕ್ಕೆ ಹೊರತಲ್ಲ. ತೋಟದಲ್ಲಿ ತಂದೆ ಕಾಯಿ ಕೆಡವಿಸುತ್ತಿರುವ ಹೊತ್ತಿನಲ್ಲಿ, ರಜೆಗೆಂದು ಬೆಂಗಳೂರಿನಿಂದ ಬಂದ ಮಗ ನಡುಮನೆಯಲ್ಲಿ ಕುಳಿತು ಸಾಮ್ರಾಜ್ಯ ಕಟ್ಟುತ್ತಿರುವುದು ಈಗ ಸಾಮಾನ್ಯ ನೋಟ. ಅವನು ಅಲ್ಲಿ ಏನು ಮಾಡುತ್ತಿದ್ದಾನೆ ಎಂಬುದು ತಂದೆಗೆ ತಿಳಿಯದು. ತಿಳಿಸಬೇಕೆಂದು ಮಗನಿಗೂ ತೋಚದು.

ಆಟದ ಹೆಸರು ‘ಸಿವಿಲೈಸೇಶನ್’, ಎಂದರೆ ನಾಗರಿಕತೆ. ಅಮೆರಿಕದ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಇದನ್ನು ರೂಪಿಸಿ 1991ರಲ್ಲಿ ಹೊರತಂದರು. ಇದರ ಏಳನೆಯ ಆವೃತ್ತಿ 2025ರಲ್ಲಿ ಬಂದಿದೆ. ಇಲ್ಲಿ ನಾನು ಹೇಳುವುದು ಬಹುಮಟ್ಟಿಗೆ 2016ರ ಆರನೆಯ ಆವೃತ್ತಿಯನ್ನು ಕುರಿತು. ಚದುರಂಗದಂತೆ ಇದೂ ಸರದಿಯ ಆಟ: ನೀವು ನಡೆ ನಡೆಸಿದ ಮೇಲೆ ಎದುರಾಳಿಯ ಸರದಿ. ಕ್ರಿ.ಪೂ. 4000ದಲ್ಲಿ ಒಂದು ವಲಸೆ ತಂಡ, ಒಂದು ದೊಣ್ಣೆ ಹಿಡಿದ ಪಡೆ, ಇಷ್ಟರಿಂದ ಆಟ ಆರಂಭ. ಊರು ಕಟ್ಟಬೇಕು, ಹೊಲ ಮಾಡಿಸಬೇಕು, ಅಕ್ಷರ, ಚಕ್ರ, ಕಬ್ಬಿಣಗಳನ್ನು ಕಂಡುಹಿಡಿಯಬೇಕು. ಆರು ಸಾವಿರ ವರ್ಷಗಳನ್ನು ಹೀಗೆ ದಾಟುವಷ್ಟರಲ್ಲಿ ಆಡುವವನು ಅಂತರಿಕ್ಷಕ್ಕೆ ಏಣಿ ಹಾಕುವ ಹಂತಕ್ಕೆ ಬಂದಿರುತ್ತಾನೆ.

ಆಟದ ಗುಣಗಳನ್ನು ಮೊದಲು ಒಪ್ಪಿಕೊಳ್ಳೋಣ. ಗುಂಡು ಹಾರಿಸಿ ರಕ್ತ ಚೆಲ್ಲಿಸುವ ಆಟಗಳ ಸಾಲಿಗೆ ಇದು ಸೇರಿದ್ದಲ್ಲ. ಯುದ್ಧವೊಂದರಿಂದಲೇ ಗೆಲ್ಲಬೇಕೆಂಬ ಕಟ್ಟುಪಾಡೂ ಇಲ್ಲಿಲ್ಲ. ವಿಜ್ಞಾನದಿಂದ, ಸಂಸ್ಕೃತಿಯಿಂದ, ಧರ್ಮದಿಂದಲೂ ಗೆಲ್ಲಬಹುದು. ನೀರಿಲ್ಲದೆ ಊರು ಬೆಳೆಯದು, ಕಣಜವಿಲ್ಲದೆ ಜನ ಉಳಿಯರು, ವಿದ್ಯೆಯಿಲ್ಲದೆ ರಾಜ್ಯ ನಿಲ್ಲದು ಎಂಬ ಪಾಠವನ್ನು ಇದು ಚೆನ್ನಾಗಿಯೇ ಕಲಿಸುತ್ತದೆ. ಇಷ್ಟಾದರೂ ಆಟ ನಡುವಿಗೆ ಬರುತ್ತಿದ್ದಂತೆ ಪ್ರತಿಯೊಬ್ಬನ ಮುಂದೆಯೂ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಭೂಮಿ ತೀರಿಹೋಗಿದೆ, ನೆರೆಯವನ ಬಳಿ ಒಳ್ಳೆಯ ನೆಲವಿದೆ. ಯುದ್ಧ ಸಾರುವುದು ಯಾವಾಗ?

ಲೆಕ್ಕ ಹಾಕುವ ರಾಜ

ನುರಿತ ಆಟಗಾರರು ಇದಕ್ಕೆ ಕೊಡುವ ಉತ್ತರಗಳಲ್ಲಿ ತರ್ಕವಿದೆ. ನೆರೆಯವನು ಕೋಟೆಗೋಡೆ ಕಟ್ಟುವ ಮೊದಲು. ನಮ್ಮಲ್ಲಿ ಬಿಲ್ಲುಗಾರರಿದ್ದು ಅವನಲ್ಲಿ ದೊಣ್ಣೆಯವರಷ್ಟೇ ಇರುವಾಗ. ಅವನ ದಂಡು ಮತ್ತೊಂದು ಗಡಿಯಲ್ಲಿ ಸಿಕ್ಕಿಕೊಂಡಿರುವಾಗ. ನಮ್ಮ ಬೊಕ್ಕಸ ತುಂಬಿರುವಾಗ.

ಲೆಕ್ಕ ಹಾಕುವುದು ತಪ್ಪಲ್ಲ. ಹತ್ತು ಸಾವಿರ ಜನರನ್ನು ಕಟ್ಟಿಕೊಂಡು ಇಪ್ಪತ್ತು ಸಾವಿರದವನನ್ನು ಎದುರಿಸಬಲ್ಲೆನೇ ಎಂದು ಮೊದಲು ಕುಳಿತು ಆಲೋಚಿಸುವ ರಾಜನ ಸಾಮತಿಯನ್ನು ಯೇಸುಸ್ವಾಮಿಯೇ ಹೇಳಿದ್ದಾರೆ. ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಅದನ್ನು ಓದುತ್ತೇವೆ. ಆಗದು ಎನಿಸಿದರೆ ಎದುರಾಳಿ ದೂರದಲ್ಲಿರುವಾಗಲೇ ಆ ರಾಜ ಸಂಧಾನಕ್ಕೆ ಆಳು ಕಳುಹಿಸುತ್ತಾನೆ.

ಲೆಕ್ಕ ತಪ್ಪಿದವರ ಕಥೆ ನಮ್ಮ ನೆಲದಲ್ಲೇ ಇದೆ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದ ಸಮೀಪದವರೆಗೂ ಬಂದ. ಕಾಳಗದಲ್ಲಿ ಅವನದೇ ಮೇಲುಗೈಯಾಯಿತು. ಆದರೆ ಮಳೆ ಹಿಡಿದಿತ್ತು, ಮೇವಿರಲಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಆತ ಹಿಂದಿರುಗಬೇಕಾಯಿತು. ಮರುವರ್ಷ ಸಿದ್ಧತೆ ಮಾಡಿಕೊಂಡು ಬಂದು ಗೆದ್ದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಆಟಗಾರನ ಕಣ್ಣಿನಿಂದ ನೋಡಿದರೆ ಇದೊಂದು ಅಚ್ಚುಕಟ್ಟಾದ ಪಾಠ: ಮೊದಲನೆಯದು ಅಕಾಲದ ಯುದ್ಧ, ಎರಡನೆಯದು ಸಕಾಲದ್ದು.

ಆದರೆ ಅದೇ 1791ರಲ್ಲಿ, ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಹೊರಟಿದ್ದ ಮರಾಠಾ ಸೇನಾನಿ ಪರಶುರಾಮ ಭಾವುವಿನ ದಂಡು ಚಿಕ್ಕನಾಯಕನಹಳ್ಳಿಯನ್ನು ಲೂಟಿ ಮಾಡಿತು. ಹಾಗಲವಾಡಿ ನಾಯಕರ ಕಾಲದಿಂದ ಬೆಳೆದು ಬಂದಿದ್ದ ಪೇಟೆ ಅದು. ಅಲ್ಲಿನ ಜನರಿಗೂ ಪುಣೆಯ ದರ್ಬಾರಿಗೂ ಯಾವ ಹಗೆಯಿತ್ತು? ಊರು ದಂಡಿನ ದಾರಿಯಲ್ಲಿತ್ತು, ಅಷ್ಟೇ. ಯುದ್ಧದ ಕಾಲವನ್ನು ನಿರ್ಣಯಿಸಿದ ಯಾರೊಬ್ಬರ ಲೆಕ್ಕದಲ್ಲಿಯೂ ಚಿಕ್ಕನಾಯಕನಹಳ್ಳಿ ಇರಲಿಲ್ಲ. ಆಟದ ಮೇಲೆ ನನ್ನ ಮೊದಲ ಆಕ್ಷೇಪ ಇದೇ. ಅದು ಲೆಕ್ಕ ಕಲಿಸುತ್ತದೆ, ನಿಜ. ಆದರೆ ತನ್ನ ಪಾಲಿನ ಖರ್ಚನ್ನು ಮಾತ್ರ ಬರೆಯುವ ಖಾತೆಯನ್ನು ಕೈಗೆ ಕೊಡುತ್ತದೆ.

ಒಂದೇ ಸರದಿಯಲ್ಲಿ ಚಿಗುರುವ ತೋಟ

ಈ ಆಟದಲ್ಲಿ ಶತ್ರುವಿನ ನೆಲಕ್ಕೆ ನುಗ್ಗಿದ ಪಡೆಗೆ ‘ಲೂಟಿ’ ಎಂಬ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಹೊಲವೋ ತೋಟವೋ ಹಾಳಾಗುತ್ತದೆ. ಹೊಲವನ್ನು ಹಾಳುಗೆಡವಿದ ಪಡೆಯ ಗಾಯಗಳು ಅದರಿಂದಲೇ ಮಾಯುತ್ತವೆ! ಯುದ್ಧ ಮುಗಿದ ಮೇಲೆ ಕೆಲಸಗಾರನೊಬ್ಬನನ್ನು ಅಲ್ಲಿಗೆ ಕಳುಹಿಸಿದರೆ ಸಾಕು, ಎಲ್ಲವೂ ಮೊದಲಿನಂತಾಗುತ್ತದೆ. ಬೇಗ ಸರಿಹೋಗುವುದನ್ನು ಹಾಳುಮಾಡಲು ಆಡುವವನು ಏಕೆ ಹಿಂಜರಿದಾನು?

ತೆಂಗಿನ ಸೀಮೆಯ ಓದುಗರೇ, ಇದರಲ್ಲಿರುವ ಸುಳ್ಳು ನಿಮಗೆ ಗೊತ್ತಾಗುವಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತಾದೀತು? ನಮ್ಮ ತಿಪಟೂರು ತಳಿಯ ಎತ್ತರದ ಮರ ಫಲ ಕೊಡಲು ತೊಡಗುವುದಕ್ಕೇ ಆರೇಳು ವರ್ಷ ಬೇಕು. ತುಂಬು ಫಸಲಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಬಂದ ಮೇಲೆ ಅದು ಅರವತ್ತು ವರ್ಷಕ್ಕೂ ಮೀರಿ ಬಾಳುತ್ತದೆ; ತಾತ ನೆಟ್ಟದ್ದನ್ನು ಮೊಮ್ಮಗ ಕೀಳುತ್ತಾನೆ. ಕಿತ್ತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯುವ ಜನ ನಾವು. ಆಮೇಲೂ ತಿಪಟೂರಿನ ಹರಾಜಿನಲ್ಲಿ ಬೆಲೆ ಏರೀತೇ ಎಂದು ನೋಡುತ್ತೇವೆ. ‘ಯಾವಾಗ’ ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಆದರೆ ರೈತನು ಕಾಲ ಕಾಯುವುದು ಒಂದು ಹಣ್ಣಾಗಲೆಂದು. ಆಟದ ಅರಸ ಕಾಲ ಕಾಯುವುದು ನೆರೆಯವನು ಸೋಲುವ ಸ್ಥಿತಿಗೆ ಬರಲೆಂದು.

ಧರ್ಮೋಪದೇಶಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಯುದ್ಧಕ್ಕೆ ಸಂಬಂಧಿಸಿದ ಒಂದು ವಿಧಿಯಿದೆ. ಊರನ್ನು ಎಷ್ಟು ಕಾಲ ಮುತ್ತಿದರೂ ಫಲ ಕೊಡುವ ಮರಕ್ಕೆ ಕೊಡಲಿ ಹಾಕಕೂಡದು ಎನ್ನುತ್ತದೆ ಅದು. ಹೊಲದ ಮರವೇನು ಮನುಷ್ಯನೇ, ಅದರ ಮೇಲೆ ಯುದ್ಧ ಹೂಡಲು ಎಂಬುದು ಅಲ್ಲಿನ ತರ್ಕ. ಅದೇ ಅಧ್ಯಾಯದಲ್ಲಿ ಇಂದಿನ ಓದುಗನನ್ನು ಕಂಗೆಡಿಸುವ ಕಠಿಣ ಮಾತುಗಳೂ ಇವೆ, ಅದನ್ನು ಮರೆಮಾಚುವಂತಿಲ್ಲ. ಆದರೂ ಯುದ್ಧದ ನಡುವೆ ನಿಂತು ಒಂದು ಮರದ ಆಯುಸ್ಸನ್ನು ನೆನೆದ ಆ ವಿಧಿ, ಬಿಸಿಲಿಗೆ ಬೆನ್ನು ಕೊಟ್ಟು ಮರ ಬೆಳೆಸಿದವರ ನಡುವೆ ಹುಟ್ಟಿರಬೇಕು. ಆಟದಲ್ಲಿ ಆರಂಭದ ಒಂದು ಸರದಿಗೆ ನಲವತ್ತು ವರ್ಷ. ಗುಂಡಿ ಒತ್ತಿದೊಡನೆ ಒಂದು ತಲೆಮಾರು ಸರಿದುಹೋಗುತ್ತದೆ. ಆ ನಲವತ್ತು ವರ್ಷಗಳ ಒಳಗೆ ಯಾರು ಏನುಂಡು ಬದುಕಿದರು ಎಂಬುದು ಪರದೆಯ ಮೇಲೆ ಮೂಡುವುದೇ ಇಲ್ಲ.

ಕಾರಣವೆಂಬ ರಿಯಾಯಿತಿ

ಆರನೆಯ ಆವೃತ್ತಿಯಲ್ಲಿ ಯುದ್ಧಕ್ಕೆ ಕಾರಣ ತೋರಿಸುವ ಏರ್ಪಾಡಿದೆ. ಅದಕ್ಕೆ ‘ಕಾಸುಸ್ ಬೆಲ್ಲಿ’ ಎಂಬ ಲ್ಯಾಟಿನ್ ಹೆಸರನ್ನೇ ಇಟ್ಟಿದ್ದಾರೆ. ಕಾರಣವಿಲ್ಲದೆ ಮೇಲೆ ಬಿದ್ದರೆ ಉಳಿದ ರಾಜರು ಹೆಚ್ಚು ಮುನಿಯುತ್ತಾರೆ. ಮುಂಚಿತವಾಗಿ ಖಂಡಿಸಿ, ಐದು ಸರದಿ ಕಾದು, ವಿಧಿವತ್ತಾಗಿ ಸಾರಿದರೆ ಮುನಿಸು ಕಡಿಮೆ. ಕಾರಣಗಳ ಪಟ್ಟಿಯೂ ಇದೆ. ನಮ್ಮ ಊರೊಂದನ್ನು ಬೇರೆಯವರು ತಮ್ಮ ಮತಕ್ಕೆ ಸೇರಿಸಿಕೊಂಡರೆ ಪವಿತ್ರ ಯುದ್ಧ. ಎದುರಾಳಿ ವಿದ್ಯೆಯಲ್ಲಿ ನಮಗಿಂತ ಎರಡು ಯುಗ ಹಿಂದಿದ್ದರೆ ವಸಾಹತು ಯುದ್ಧ. ಹಿಂದುಳಿದಿರುವುದೇ ಒಂದು ಅಪರಾಧ! ಇನ್ನೂರು ವರ್ಷ ಪರರ ಆಳ್ವಿಕೆಯನ್ನು ಕಂಡ ದೇಶದ ಮಕ್ಕಳು ಈ ಕಾರಣವನ್ನು ಯೋಚಿಸದೆ ಒತ್ತುತ್ತಿದ್ದಾರೆ ಎಂಬುದು ಗಮನಿಸತಕ್ಕ ವಿಷಯ. ಇನ್ನು ಧರ್ಮದ ವಿಚಾರ: ಅಲ್ಲಿ ಪ್ರೇಷಿತರೂ ಧರ್ಮಪ್ರಚಾರಕರೂ ಪಡೆಗಳೇ. ಪ್ರೇಷಿತರು ಮಿಂಚು ಹೊಡೆದು ಒಬ್ಬರನ್ನೊಬ್ಬರು ಉರುಳಿಸುತ್ತಾರೆ. ನಗು ಬರುತ್ತದೆ, ಆದರೆ ಶಿಲುಬೆಯುದ್ಧಗಳ ಚರಿತ್ರೆಯುಳ್ಳ ನಾವು ಜೋರಾಗಿ ನಗುವಂತಿಲ್ಲ.

ಧರ್ಮಸಭೆಯ ಬೋಧನೆಯಲ್ಲಿಯೂ ಯುದ್ಧಕ್ಕೆ ನಿಬಂಧನೆಗಳಿವೆ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಮೂರನ್ನು ಹೇಳಿದರು: ಯುದ್ಧ ಸಾರುವ ಯೋಗ್ಯ ಅಧಿಕಾರ, ನ್ಯಾಯವಾದ ಕಾರಣ, ಶುದ್ಧವಾದ ಉದ್ದೇಶ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ನಾಲ್ಕು ನಿಬಂಧನೆಗಳನ್ನು ಇಡುತ್ತದೆ. ಆಕ್ರಮಣಕಾರನಿಂದ ಆಗುವ ಹಾನಿ ಶಾಶ್ವತವೂ ಘೋರವೂ ಖಚಿತವೂ ಆಗಿರಬೇಕು. ಉಳಿದೆಲ್ಲ ದಾರಿಗಳು ಮುಚ್ಚಿರಬೇಕು. ಯಶಸ್ಸಿನ ನಿಜವಾದ ನಿರೀಕ್ಷೆಯಿರಬೇಕು. ನಿವಾರಿಸಹೊರಟ ಕೇಡಿಗಿಂತ ದೊಡ್ಡ ಕೇಡನ್ನು ಆಯುಧಗಳು ತರಬಾರದು. ನಾಲ್ಕೂ ಒಟ್ಟಿಗೆ ಕೂಡಿಬರಬೇಕು. ಜಗದ್ಗುರು ಫ್ರಾನ್ಸಿಸರು 2020ರ ತಮ್ಮ ವಿಶ್ವಪತ್ರದಲ್ಲಿ, ಇಂದಿನ ಆಯುಧಗಳ ಕಾಲದಲ್ಲಿ ಇಂತಹ ಮಾನದಂಡಗಳನ್ನು ಮುಂದೊಡ್ಡಿ ಯುದ್ಧವನ್ನು ಸಮರ್ಥಿಸುವುದೇ ಬಹು ಕಷ್ಟ ಎಂಬ ಮಟ್ಟಕ್ಕೆ ಹೋದರು.

ವ್ಯತ್ಯಾಸ ಎಲ್ಲಿದೆ ನೋಡಿ. ಬೋಧನೆಯಲ್ಲಿ ಕಾರಣವೆಂಬುದು ಬಾಗಿಲಿಗೆ ಹಾಕಿದ ಬೀಗ. ಆಟದಲ್ಲಿ ಅದು ಅಂಗಡಿಯ ರಿಯಾಯಿತಿ ಚೀಟಿ. ಯುದ್ಧ ಮಾಡುವುದೆಂದು ಮೊದಲೇ ತೀರ್ಮಾನವಾಗಿರುತ್ತದೆ. ಯಾವ ಕಾರಣ ಹೇಳಿದರೆ ಅಗ್ಗವಾದೀತು ಎಂದು ಹುಡುಕುವುದಷ್ಟೇ ಬಾಕಿ. ಆಟವನ್ನು ಕಟ್ಟಿದವರು ಇದನ್ನು ಲೋಕದ ಅರಸರಿಂದಲೇ ಕಲಿತರು ಎಂದರೆ ತಪ್ಪಾಗದು.

ಪಶ್ಚಾತ್ತಾಪವಿಲ್ಲದ ಅಶೋಕ

ಏಳನೆಯ ಆವೃತ್ತಿಯಲ್ಲಿ ಸಾಮ್ರಾಟ ಅಶೋಕನೂ ಒಬ್ಬ ನಾಯಕ. ಆದರೆ ಒಬ್ಬನಲ್ಲ, ಇಬ್ಬರು ಅಶೋಕರು: ಲೋಕವನ್ನು ತ್ಯಜಿಸಿದ ಅಶೋಕ, ಲೋಕವನ್ನು ಜಯಿಸಿದ ಅಶೋಕ. ಆಡುವವನು ತನಗೆ ಬೇಕಾದವನನ್ನು ಆರಿಸಿಕೊಳ್ಳಬಹುದು. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ದೊರೆತದ್ದು ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ. ಆತ ಬರೆಸಿದ ಬಂಡೆ ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಇದೆ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರು ಎಂದು ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಆತ ತಾನೇ ಬರೆಸಿದ. ಅದಕ್ಕಾಗಿ ತನಗಾದ ಸಂಕಟವನ್ನೂ ಬರೆಸಿದ. ಗೆದ್ದ ಅರಸನೊಬ್ಬ ತನ್ನ ಗೆಲುವಿನ ಬಗ್ಗೆ ಹೀಗೆ ಬರೆಸಿದ್ದು ಚರಿತ್ರೆಯಲ್ಲಿ ಅಪೂರ್ವ. ಜಯಿಸಿದವನನ್ನು ತ್ಯಜಿಸಿದವನನ್ನಾಗಿ ಮಾಡಿದ್ದು ಆ ಸಂಕಟ. ಆಟ ಇಬ್ಬರನ್ನೂ ಬೇರೆ ಬೇರೆಯಾಗಿ ಮುಂದಿಡುತ್ತದೆ. ನಡುವಿನ ಸಂಕಟಕ್ಕೆ ಅದರಲ್ಲಿ ಗುಂಡಿಯಿಲ್ಲ.

ನಮ್ಮ ಹಳ್ಳಿಗಳಲ್ಲಿ ಬೆಳಗಿನವರೆಗೆ ನಡೆಯುವ ‘ಕುರುಕ್ಷೇತ್ರ’ ನಾಟಕವನ್ನು ನೆನೆಯಿರಿ. ಯುದ್ಧ ಆಗಿಯೇ ತೀರುವುದೆಂದು ನೋಡುವವರೆಲ್ಲರಿಗೂ ಗೊತ್ತು. ಆದರೂ ಐದು ಊರುಗಳನ್ನಾದರೂ ಕೊಡು ಎಂದು ಕೃಷ್ಣ ಸಂಧಾನಕ್ಕೆ ಬರುವ ದೃಶ್ಯಕ್ಕಾಗಿ ಜನ ನಿದ್ದೆಗೆಟ್ಟು ಕಾಯುತ್ತಾರೆ. ಊರ ಮುಂದಿನ ವೀರಗಲ್ಲನ್ನೂ ನೋಡಿರಿ: ಕೆಳಗೆ ಕಾಳಗ, ನಡುವೆ ಸ್ವರ್ಗದ ದಾರಿ, ಮೇಲೆ ದೇವರ ಸನ್ನಿಧಿ. ತುರುಗಳನ್ನು ಕಾಯಲು ಹೋಗಿ ಸತ್ತವನೊಬ್ಬನಿಗಾಗಿ ಊರವರು ಒಂದು ಇಡೀ ಕಲ್ಲನ್ನೇ ಕೆತ್ತಿಸಿದರು. ಯುದ್ಧವನ್ನು ಹಾಡಿಹೊಗಳಿದ ನಮ್ಮ ಹಿರಿಯರೂ ಸತ್ತವನನ್ನು ಎಣಿಕೆಯಲ್ಲಿ ಕರಗಿಸಿಬಿಡಲಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಹಾಗಾದರೆ ಆಟವನ್ನು ನಿಷೇಧಿಸಬೇಕೇ? ಬೇಡ. ನಿಷೇಧಿಸಿದರೆ ಮಗ ಬಾಗಿಲು ಹಾಕಿಕೊಂಡು ಆಡುತ್ತಾನೆ, ಅಷ್ಟೇ. ಒಂದು ಸಂಜೆ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಅವನು ಯುದ್ಧ ಸಾರುವ ಮುನ್ನ ಕೇಳಿ: ಈ ನೆರೆಯವನು ನಿನಗೆ ಏನು ಕೇಡು ಮಾಡಿದ್ದಾನೆ? ಕೇಳಿ ಪಡೆಯಬಹುದಾದದ್ದನ್ನು ಕೇಳಿ ನೋಡಿದೆಯಾ? ನೀನು ಸುಡಲಿರುವ ಆ ತೋಟ ಮತ್ತೆ ಫಲ ಕೊಡಲು ನಿಜವಾಗಿ ಎಷ್ಟು ವರ್ಷ ಬೇಕು? ಕೊನೆಯ ಪ್ರಶ್ನೆಗೆ ಉತ್ತರ ಅವನಿಗಿಂತ ನಿಮಗೇ ಚೆನ್ನಾಗಿ ಗೊತ್ತು, ಹೇಳಿರಿ. 2022ರ ಫೆಬ್ರವರಿಯಲ್ಲಿ ರಷ್ಯಾದ ಸೈನ್ಯ ಉಕ್ರೇನಿಗೆ ನುಗ್ಗಿದಾಗ ಕೆಲವೇ ದಿನಗಳಲ್ಲಿ ಎಲ್ಲ ಮುಗಿದೀತೆಂದು ಎಣಿಸಿದವರು ಬಹಳ ಮಂದಿ. ಅದು ವರ್ಷಗಟ್ಟಲೆ ಎಳೆಯಿತು. ಇದನ್ನೂ ಅವನೊಂದಿಗೆ ಮಾತನಾಡಿರಿ.

ಅವನು ಜಾಣನಾಗಿದ್ದರೆ ನಿಮ್ಮನ್ನೂ ಒಂದು ಪ್ರಶ್ನೆ ಕೇಳಬಹುದು. ದೇಶದ ಮೇಲೆ ಯುದ್ಧ ಸಾರುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಆದರೆ ಬದುವಿನ ಮೇಲಿನ ಎರಡು ತೆಂಗಿನ ಮರ ಅಣ್ಣನದೋ ತಮ್ಮನದೋ ಎಂಬ ವ್ಯಾಜ್ಯವನ್ನು ನ್ಯಾಯಾಲಯಕ್ಕೆ ಒಯ್ಯುವ ಅಧಿಕಾರ ನಮಗಿದೆ. ಅಲ್ಲಿ ನಾವೂ ಎದುರಾಳಿಯ ಕೈ ಸೋತಿರುವ ಕಾಲವನ್ನೇ ಕಾಯುವುದಿಲ್ಲವೇ? ಅವನ ಮಗಳ ಮದುವೆ ಹತ್ತಿರವಾದಾಗಲೇ ತಡೆಯಾಜ್ಞೆ ತರುವುದಿಲ್ಲವೇ? ಮರ ಮುಪ್ಪಾಗಿ ಬಿದ್ದ ಮೇಲೂ ಮೊಕದ್ದಮೆ ನಿಂತಿರುವ ಮನೆಗಳು ನಮ್ಮಲ್ಲಿ ಇಲ್ಲದಿಲ್ಲ. ಎದುರಾಳಿಯೊಡನೆ ನ್ಯಾಯಾಲಯದ ದಾರಿಯಲ್ಲಿರುವಾಗಲೇ ರಾಜಿ ಮಾಡಿಕೊಳ್ಳಬೇಕೆಂದು ಮತ್ತಾಯನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ್ದು ಇಂತಹ ಮನೆಗಳಿಗಾಗಿಯೇ. ಅಂತಹ ವ್ಯಾಜ್ಯವೊಂದು ನಿಮ್ಮ ಮನೆಯಲ್ಲಿದ್ದರೆ, ಮುಂದಿನ ವಾಯಿದೆಗೆ ಮುಂಚೆ ಒಮ್ಮೆ ಅಣ್ಣನ ಮನೆಯ ಜಗುಲಿಯವರೆಗೆ ಹೋಗಿಬನ್ನಿ. ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ.